ತಲೆ ಬಾಲ ಸೇರದ ಸುತ್ತು

ಚಂದ್ರಪ್ರಭಾ ಅವರು ಯಾರ ಮುಂದೆಯೂ ತಲೆ ತಗ್ಗಿಸಿದವರಲ್ಲ. ಅವರ ಮುಂದೆ ಮಾತ್ರ ತಿಪಟೂರಿನ ಎಷ್ಟೋ ಜನ ಅಂಗಿ ಕಳಚಿ, ಬೆನ್ನು ತಿರುಗಿಸಿ ಕುಳಿತದ್ದುಂಟು. ಹಗಲೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತು ಊರಿಂದೂರಿಗೆ ಮಾತು ಜೋಡಿಸುತ್ತಿದ್ದ ಈ ಹೆಂಗಸು ಬೆಳಗಿನ ಹೊತ್ತು ತಮ್ಮ ಮನೆಯ ಜಗಲಿಯಲ್ಲಿ ಸರ್ಪಸುತ್ತು ಬರೆಯುತ್ತಿದ್ದರು. ಸೊಂಟಕ್ಕೋ ಎದೆಯ ಒಂದು ಮಗ್ಗುಲಿಗೋ ಕೆಂಡ ಸುರಿದಂತೆ ಬೊಕ್ಕೆ ಎದ್ದವರು ಖಾಲಿ ಹೊಟ್ಟೆಯಲ್ಲಿ ಬಂದು ಕೂತರೆ, ಜಾಜನ್ನು ಎಳನೀರಿನಲ್ಲಿ ತೇಯ್ದು, ಗರಿಕೆಯ ತುದಿಯಿಂದ ಸುತ್ತಿನ ತಲೆಗೊಂದು ಬಾಲಕ್ಕೊಂದು ಕೆಂಪು ಗೆರೆ ಎಳೆದು, ನಡುವೆ ಗರುಡನ ಗುರುತು ಹಾಕುವರು. ತಲೆಯೂ ಬಾಲವೂ ಸೇರಿದರೆ ಜೀವ ಉಳಿಯದು, ಗೆರೆ ಅವೆರಡನ್ನೂ ಸೇರಗೊಡದು ಎಂಬುದು ನಂಬಿಕೆ.

ವಿದ್ಯೆ ತಾಯಿ ರತ್ನಮ್ಮನಿಂದ ಬಂದದ್ದು; ವಿದ್ಯೆಯೊಡನೆ ಕಟ್ಟಳೆಗಳೂ ಬಂದಿದ್ದವು. ಬರೆದದ್ದಕ್ಕೆ ಏನನ್ನೂ ಪಡೆಯಬಾರದು. ಬರೆದ ಮೇಲೆ ಮೂರು ದಿನ ಅದಕ್ಕೆ ನೀರು ಸೋಕಿಸಬಾರದು. ಗೆರೆ ತಾನಾಗಿ ಉದುರಬೇಕು. ಬರೆದ ಕೈಯೇ ಅದನ್ನು ಅಳಿಸಿದರೆ ಆ ಕೈಯ ಗುಣ ಅಲ್ಲಿಗೆ ಮುಗಿಯಿತು. ಬಂದವರಲ್ಲಿ ಹೆಚ್ಚಿನವರು ಗುಣವಾದರು. ಬಹುಮಂದಿಯಲ್ಲಿ ಅದು ತಾನಾಗಿ ಬಾಡುವ ಬೇನೆ. ಕೀರ್ತಿ ಮಾತ್ರ ಗೆರೆಗೆ ಸಲ್ಲುತ್ತ ಬಂತು. ಸಂತೆಯಲ್ಲಿ ಚಂದ್ರಪ್ರಭಾ ಎದುರಾದರೆ ಜನ ದಾರಿ ಬಿಡುತ್ತಿದ್ದರು. ಆ ಗೌರವವನ್ನು ಅವರು ರೇಷ್ಮೆ ಸೀರೆಯಂತೆ ನೆರಿಗೆ ಕೆಡದ ಹಾಗೆ ಕಾಪಾಡಿಕೊಂಡಿದ್ದರು.

ಎರಡು ಸಾವಿರದ ಇಪ್ಪತ್ತರ ಆರಂಭದಲ್ಲಿ ಅವರು ಟೋಕಿಯೋಗೆ ಮಗನ ಮನೆಗೆ ಬಂದರು. ಯುಗಾದಿಯ ಹೊತ್ತಿಗೆ ಹಿಂದಿರುಗುವುದು ಎಂದಾಗಿತ್ತು. ಅಷ್ಟರಲ್ಲಿ ರೋಗ ಬಂತು, ವಿಮಾನಗಳು ನಿಂತವು. ಮಗ ಪ್ರಶಾಂತನಿಗೆ ಅದೇ ಊರಿನ ಶಿನಾಗಾವಾದಲ್ಲಿ ಕಂಪ್ಯೂಟರ್ ಕಂಪನಿಯ ಕೆಲಸ. ಮನೆ ಕೋಟೋ ಎಂಬ ಬಡಾವಣೆಯ ಎತ್ತರದ ಕಟ್ಟಡವೊಂದರಲ್ಲಿ. ಸೊಸೆ ಹಂಸಾ ಮೈಸೂರಿನವಳು, ಮನೆಯನ್ನೂ ಮಗಳನ್ನೂ ನೋಡಿಕೊಳ್ಳುತ್ತಿದ್ದಳು. ಮಗಳ ಹೆಸರು ಇಂದು, ಒಂದನೆಯ ತರಗತಿ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಅರ್ಧ ಬರುತ್ತಿತ್ತು.

ಅಜ್ಜಿಯ ಮಾತೆಂದರೆ ಅವಳಿಗೆ ಗೆರೆ ಎಳೆದಂತೆ. ಅಜ್ಜಿ ಬೇಡ ಎಂದದ್ದನ್ನು ಅವಳು ಅಪ್ಪ ಕೊಟ್ಟರೂ ಮುಟ್ಟುತ್ತಿರಲಿಲ್ಲ. ಅಷ್ಟು ಕಟ್ಟುನಿಟ್ಟಾಗಿ ತಮ್ಮ ಮಾತನ್ನು ನಡೆಸುವವರು ಈ ದೇಶದಲ್ಲಿ ಒಬ್ಬಳಾದರೂ ಇದ್ದಾಳೆ ಎಂಬ ಹೆಮ್ಮೆ ಚಂದ್ರಪ್ರಭಾ ಅವರಿಗಿತ್ತು.

ಮುಚ್ಚಿದ್ದ ಶಾಲೆಗಳು ಮತ್ತೆ ತೆರೆದು, ಮಳೆಗಾಲ ಹಿಡಿದ ದಿನಗಳು. ಬೆಳಗ್ಗೆ ಮಗುವಿನ ಜ್ವರ ನೋಡಿಯೇ ಶಾಲೆಗೆ ಕಳಿಸಬೇಕು. ಮೈ ಸ್ವಲ್ಪ ಬಿಸಿಯಾದರೂ ಮನೆಯಲ್ಲೇ ಇರಬೇಕು. ಒಂದು ಬೆಳಗ್ಗೆ ಇಂದು ಎಡ ಹುಬ್ಬಿನ ಮೇಲೆ ಕೈ ಇಟ್ಟುಕೊಂಡು ಅಡುಗೆಮನೆಗೆ ಬಂದಳು.

“ಅಜ್ಜಿ, ಇಲ್ಲಿ ಚಿಕು-ಚಿಕು.”

ಸೂಜಿ ಚುಚ್ಚಿದಂಥ ನೋವಿಗೆ ಅಲ್ಲಿನ ಮಕ್ಕಳು ಹಾಗೆ ಹೇಳುತ್ತಾರೆ. ಹಣೆಯ ಮೇಲೆ ಏನೂ ಇರಲಿಲ್ಲ. ಶಾಲೆಗೆ ಹೋಗದಿರುವ ನೆಪವೆಂದು ಎಲ್ಲರೂ ನಕ್ಕರು. ಮಾರನೆಯ ದಿನ ಹಣೆ ಕೆಂಪಾಯಿತು. ಅದರ ಮಾರನೆಯ ಬೆಳಗ್ಗೆ ಎಡ ಹುಬ್ಬಿನಿಂದ ಕೂದಲ ಅಂಚಿನವರೆಗೆ ಸಾಬಕ್ಕಿಯಂಥ ನೀರುಗುಳ್ಳೆಗಳು ಗೊಂಚಲು ಗೊಂಚಲಾಗಿ ಎದ್ದವು. ಹಣೆಯ ನಡುವಿಗೆ ಬಂದು ಅವು ಗೋಡೆ ಕಂಡಂತೆ ನಿಂತಿದ್ದವು. ಬಲಗಡೆಯ ಚರ್ಮ ಎಂದಿನಂತೆ ನುಣುಪಾಗಿತ್ತು.

ಚಂದ್ರಪ್ರಭಾ ಕನ್ನಡಕ ಹಾಕಿಕೊಂಡು ನೋಡಿದರು. “ಸರ್ಪಸುತ್ತು,” ಎಂದರು.

“ಇಷ್ಟು ಚಿಕ್ಕ ಮಗೂಗಾ ಅತ್ತೆ? ಅದು ವಯಸ್ಸಾದವರಿಗೆ ಬರೋದಲ್ವಾ?” ಎಂದಳು ಹಂಸಾ.

“ಮಕ್ಕಳಿಗೂ ಬರತ್ತೆ. ಅಪರೂಪ. ಒಂದು ಕಡೆ ಮಾತ್ರ ಎದ್ದಿದೆ ನೋಡು, ಇನ್ನೇನು ಗುರುತು ಬೇಕು?”

“ಹಾಗಾದ್ರೆ ಕ್ಲಿನಿಕ್‌ಗೆ ಫೋನ್ ಮಾಡ್ತೀನಿ.”

ಒಳಕೋಣೆಯಿಂದ ಪ್ರಶಾಂತ ಕಿವಿಯ ಇಯರ್‌ಫೋನ್ ಕಿತ್ತುಕೊಂಡು ಬಂದ. “ಒಂದ್ನಿಮಿಷ ಇರೇ. ಮೈ ಬೆಚ್ಚಗಿದೆ. ಜ್ವರ ಅಂದ್ರೆ ಕರೋನಾ ಅಂತಾರೆ. ಮನೇಲಿ ಜ್ವರ ಅಂತ ನಾನು ಆಫೀಸಲ್ಲಿ ರಿಪೋರ್ಟ್ ಮಾಡ್ಬೇಕು, ನಮ್ಮ ಟೀಮನ್ನೆಲ್ಲ ಮನೇಲಿ ಕೂರಿಸ್ತಾರೆ. ನಾಳೆ ರಿಲೀಸ್ ಇದೆ. ಅದೂ ಅಲ್ದೆ ಆಸ್ಪತ್ರೇಲಿ ಯಾರ ಪಕ್ಕ ಕೂರಿಸ್ತಾರೋ, ಇಲ್ಲದ ರೋಗ ಅಂಟಿಸ್ಕೊಂಡು ಬರೋದು ಬೇಡ.”

“ಹಣೆ ಕಣ್ರೀ ಇದು, ಕಣ್ಣಿನ ಪಕ್ಕ.”

“ಅಮ್ಮ ಇದಾಳಲ್ಲ. ನಾನು ಹುಡುಗ ಆಗಿದ್ದಾಗ ನಮ್ಮನೆ ಜಗಲೀಲಿ ಕ್ಯೂ ಇರ್ತಿತ್ತು. ಅಮ್ಮ, ನೀನೇ ಬರೆದುಬಿಡು. ಎರಡು ದಿನ ನೋಡೋಣ.”

ಹಂಸಾ ಅತ್ತೆಯ ಮುಖ ನೋಡಿದಳು. ಬೇಡವೆನ್ನಲಿ ಎಂಬ ಆಸೆ ಆ ನೋಟದಲ್ಲಿತ್ತು. ಚಂದ್ರಪ್ರಭಾ ಅದನ್ನು ಕಂಡರು. ಕಂಡದ್ದರಿಂದಲೇ ಅವರ ಬೆನ್ನು ನೆಟ್ಟಗಾಯಿತು. ಈ ಊರಿಗೆ ಬಂದಾಗಿನಿಂದ ಲಿಫ್ಟಿನ ಗುಂಡಿಯಿಂದ ಹಿಡಿದು ಕಸ ಬೇರ್ಪಡಿಸುವವರೆಗೆ ಎಲ್ಲವನ್ನೂ ಸೊಸೆಯಿಂದ ಹೇಳಿಸಿಕೊಂಡಿದ್ದರು. ಅವರೊಬ್ಬರೇ ಬಲ್ಲ ಕೆಲಸವೊಂದು ಈಗ ಮನೆಯೊಳಗೇ ಬಂದಿತ್ತು.

ತಾಯಿ ಯಾರ ಮುಖದ ಮೇಲೂ ಬರೆದದ್ದನ್ನು ಅವರು ಎಂದೂ ನೋಡಿರಲಿಲ್ಲ. ಮುಖಕ್ಕೆ ಬೊಕ್ಕೆ ಎದ್ದವರನ್ನು ರತ್ನಮ್ಮ ಏನೋ ಹೇಳಿ ಹೊರಗಿನಿಂದಲೇ ಕಳಿಸಿಬಿಡುತ್ತಿದ್ದಳು. ಏಕೆಂದು ಮಗಳು ಕೇಳಿರಲಿಲ್ಲ. ಆ ನೆನಪು ಒಮ್ಮೆ ತಲೆ ಎತ್ತಿತು. ಅದನ್ನು ಅವರು ಅಲ್ಲೇ ಅದುಮಿದರು.

ಜಾಜು ಅವರ ಪೆಟ್ಟಿಗೆಯಲ್ಲಿತ್ತು, ಹೊಸ್ತಿಲಿಗೆ ಬಳಿಯಲು ತಂದದ್ದು. ಎಳನೀರಿನ ಬದಲು ನೀರು, ಗರಿಕೆಯ ಬದಲು ಇಂದುವಿನ ಶಾಲೆಯ ಬಣ್ಣದ ಕುಂಚ. ಮಗುವನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕೈ ನಡುಗದೆ ಬರೆದರು. ಕೂದಲ ಅಂಚಿಗೊಂದು ಗೆರೆ, ಹುಬ್ಬಿನ ಕೆಳಗೆ ರೆಪ್ಪೆಯ ತನಕ ಒಂದು ಗೆರೆ. ನಡುವೆ ಗರುಡ. ಮೂಗಿನ ದಂಡೆಯ ಮೇಲೂ ಒಂದು ಎಳೆ ಎಳೆದರು. ಎಡ ಹಣೆ ಪೂರ್ತಿ ಕೆಂಪಾಯಿತು.

“ನೋಡು ಪುಟ್ಟ, ಮೂರು ದಿನ ಇದನ್ನ ಯಾರೂ ಮುಟ್ಟಬಾರದು. ತೊಳೀಬಾರದು. ಯಾರೇ ಹೇಳಲಿ.”

“ಮಾಮಾ ಹೇಳಿದ್ರೂ?” ಜಪಾನಿ ಮಕ್ಕಳಂತೆ ಅವಳು ತಾಯಿಯನ್ನು ಹಾಗೆ ಕರೆಯುತ್ತಿದ್ದಳು.

“ಅವಳು ಹೇಳಿದ್ರೂ. ತೊಳೆದರೆ ಹಾವಿಗೆ ಸಿಟ್ಟು ಬರತ್ತೆ.”

ಇಂದು ಗಂಭೀರವಾಗಿ ತಲೆಯಾಡಿಸಿದಳು.

ಮರುದಿನ ಪ್ರಶಾಂತ ಕೆಲಸ ಬಿಡುವಂತಿಲ್ಲವೆಂದು ಶಿನಾಗಾವಾಕ್ಕೆ ಹೋದ. ಮಗು ತಿಂಡಿ ಮುಟ್ಟಲಿಲ್ಲ. ಹಂಸಾ ಕಿಟಕಿಯ ಪರದೆ ಸರಿಸಿದಾಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಚೀರಿದಳು.

“ಮಬುಶೀ... ಲೈಟ್ ಬೇಡ, ಮಾಮಾ. ಕಣ್ಣು ಇತಾಯ್.”

ಬೆಳಕು ಚುಚ್ಚುತ್ತಿದೆ, ಕಣ್ಣು ನೋಯುತ್ತಿದೆ ಎಂಬುದು ಅವಳ ಮಾತು. ಎಡ ರೆಪ್ಪೆ ಊದಿ ಕಣ್ಣು ಗೆರೆಯಷ್ಟೇ ತೆರೆಯುತ್ತಿತ್ತು. ಚಂದ್ರಪ್ರಭಾ ಮಗುವಿನ ಗಲ್ಲ ಹಿಡಿದು ಮುಖ ಎತ್ತಿದರು. ಒಣಗಿದ ಜಾಜು ಬಿರುಕು ಬಿಟ್ಟಿತ್ತು. ಮೂಗಿನ ದಂಡೆಯ ಮೇಲೆ ತಾವೇ ಎಳೆದ ಎಳೆಯ ಕೊನೆಯಲ್ಲಿ, ಮೂಗಿನ ತುದಿಯ ಹತ್ತಿರ, ಕೆಂಪು ಹೊದ್ದ ಒಂದು ಉಬ್ಬು ಕಂಡಿತು. ಅದು ಗುಳ್ಳೆ. ನಿನ್ನೆಯೇ ಇತ್ತೇ? ಅವರಿಗೆ ಹೇಳಲಾಗಲಿಲ್ಲ. ನಿನ್ನೆ ಅವರು ನೋಡಿದ್ದು ಗುಳ್ಳೆಗಳನ್ನಲ್ಲ, ತಮ್ಮ ಗೆರೆಯನ್ನು.

ಆಗ ಅದುಮಿಟ್ಟ ನೆನಪು ಪೂರ್ತಿಯಾಗಿ ಎದ್ದು ಕೂತಿತು. ತಿಪಟೂರಿನ ಜಗಲಿಯ ಕೆಳಗೆ ಒಬ್ಬ ಗಾಡಿಯವನು, ಮುಖದ ಒಂದು ಮಗ್ಗುಲಿಗೆ ಪಂಚೆ ಒತ್ತಿಕೊಂಡು ನಿಂತಿದ್ದ. ರತ್ನಮ್ಮ ಅವನನ್ನು ಮೇಲೆ ಕರೆದಿರಲಿಲ್ಲ. ಕೆಲವು ತಿಂಗಳ ಮೇಲೆ ಅವನು ಅದೇ ಬೀದಿಯಲ್ಲಿ ಗಾಡಿ ಹೊಡೆದುಕೊಂಡು ಹೋದಾಗ ಒಂದು ಕಣ್ಣು ಸುಣ್ಣದ ಹರಳಿನಂತೆ ಬೆಳ್ಳಗಿತ್ತು.

“ಹಂಸಾ,” ಎಂದರು, “ಫೋನ್ ಮಾಡು. ಈಗಲೇ.”

“ಅವರು ಆಫೀಸಲ್ಲಿ—”

“ಅವನಿಗಲ್ಲ, ಆಸ್ಪತ್ರೆಗೆ. ಹಣೆ ಮೇಲೆ ಗುಳ್ಳೆ, ಮೂಗಿನ ತುದೀಲೂ ಇದೆ, ಕಣ್ಣು ಬೆಳಕು ತಡೆಯೋಲ್ಲ ಅಂತ ಹೇಳು. ಜ್ವರ ಇದೆ ಅಂತಾನೂ ಹೇಳು. ಮುಚ್ಚಿಡಬೇಡ.”

ಅತ್ತ ಕಡೆಯ ಧ್ವನಿ ಮೂಗಿನ ತುದಿ ಎಂಬ ಮಾತು ಕೇಳುತ್ತಲೇ ಅವಸರಪಟ್ಟಿತು. ಕಾಯಬೇಡಿ, ಕಣ್ಣಿನ ವೈದ್ಯರೂ ಇರುವ ದೊಡ್ಡ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ ಎಂದಿತು. ಹಂಸಾ ಫೋನಿನ ಮುಂದೆಯೇ ಬಾಗಿ ಬಾಗಿ ವಂದಿಸಿದಳು. ಕೈಗೆ ಸಿಕ್ಕಿದ ಚಪ್ಪಲಿ ಮೆಟ್ಟಿ ಮೂವರೂ ಟ್ಯಾಕ್ಸಿ ಹತ್ತಿದರು. ಮಗುವಿನ ಮುಖಕ್ಕೆ ಚಂದ್ರಪ್ರಭಾ ತಮ್ಮ ಸೆರಗು ಮರೆ ಹಿಡಿದಿದ್ದರು.

ಆಸ್ಪತ್ರೆಯ ಬಾಗಿಲಲ್ಲಿ ಪಾರದರ್ಶಕ ಮುಖಗವಸಿನ ಹೆಂಗಸೊಬ್ಬಳು ಹಣೆಗೆ ಜ್ವರ ನೋಡುವ ಯಂತ್ರ ಹಿಡಿಯಲು ಹೋಗಿ, ಕೆಂಪು ಕಂಡು ಹೆಜ್ಜೆ ಹಿಂದಿಟ್ಟಳು. ರಕ್ತವೆಂದುಕೊಂಡಳೋ ಏನೋ. ಹಂಸಾ “ಸುಮಿಮಾಸೆನ್, ಸುಮಿಮಾಸೆನ್” ಎಂದು ಕ್ಷಮೆ ಕೇಳುತ್ತ ವಿವರಿಸಿದಳು. ರೋಗದ ಕಾಲದ ನಿಯಮದಂತೆ ಮಗುವಿನೊಡನೆ ಒಬ್ಬರಿಗೆ ಮಾತ್ರ ಪ್ರವೇಶ. ಭಾಷೆ ಬಲ್ಲವಳು ಹಂಸಾ, ಅವಳೇ ಹೋದಳು.

ಸೈಕಲ್ ನಿಲ್ಲಿಸುವ ಚಪ್ಪರದ ಕೆಳಗಿನ ಬೆಂಚಿನಲ್ಲಿ, ಕುಳಿತುಕೊಳ್ಳಬಾರದೆಂದು ಪಟ್ಟಿ ಅಂಟಿಸಿದ ಜಾಗದ ಪಕ್ಕ, ಚಂದ್ರಪ್ರಭಾ ಕುಳಿತರು. ಮಳೆ ಸದ್ದಿಲ್ಲದೆ ಬೀಳುತ್ತಿತ್ತು. ಯಾವ ಫಲಕವೂ ಅವರಿಗೆ ಓದಲು ಬರುತ್ತಿರಲಿಲ್ಲ. ದೇವರ ಹೆಸರು ಹೇಳಲು ಹೋದರು. ನಾಲಿಗೆಗೆ ಬಂದದ್ದು ಒಂದೇ ಪ್ರಶ್ನೆ: ಅಮ್ಮ, ನೀನು ಅವನನ್ನು ಏಕೆ ಮೇಲೆ ಕರೆಯಲಿಲ್ಲ ಎಂದು ನನಗೆ ಏಕೆ ಹೇಳಲಿಲ್ಲ?

ಸ್ವಲ್ಪ ಹೊತ್ತಿಗೆ ಗಾಜಿನ ಬಾಗಿಲು ಸರಿದು ನರ್ಸ್ ಒಬ್ಬಳು ಓಡಿಬಂದಳು. “ಒಬಾಸಾನ್? ಇಂದು-ಚಾನ್ ಒಬಾಸಾನ್?” ಅಜ್ಜಿ ಎಂಬ ಮಾತನ್ನು ಮೊಮ್ಮಗಳಿಂದ ಕಲಿತಿದ್ದ ಚಂದ್ರಪ್ರಭಾ ಎದ್ದುನಿಂತರು. ನರ್ಸ್ ಅವರ ಕೈಗೆ ಔಷಧ ಹಾಕಿಸಿ ಉಜ್ಜಿಸಿ, ಒಳಗೆ ಕರೆದೊಯ್ದಳು. ಕಾರಿಡಾರಿನ ತುದಿಯಿಂದಲೇ ಇಂದುವಿನ ಅಳು ಕೇಳಿಸುತ್ತಿತ್ತು.

ಕೋಣೆಯೊಳಗೆ ಮಗು ಗೋಡೆಗೆ ಮುಖ ಒತ್ತಿ, ಮೊಣಕೈಗಳಿಂದ ತಲೆ ಬಳಸಿ ಮುದುರಿತ್ತು. ಎಲ್ಲರೂ ಸೆನ್ಸೇ ಎಂದು ಕರೆಯುವ ಒನುಕಿ ಎಂಬ ವೈದ್ಯೆ, ವಯಸ್ಸಾದವರು, ಒದ್ದೆ ಬಟ್ಟೆ ಹಿಡಿದು ನೆಲಕ್ಕೆ ಮಂಡಿಯೂರಿದ್ದರು. ಹಂಸಾಳ ಕೆನ್ನೆಯಲ್ಲಿ ಉಗುರಿನ ಗೀರು.

“ಮುಟ್ಟಕ್ಕೇ ಬಿಡ್ತಿಲ್ಲ ಅತ್ತೆ. ಹಿಡಿದುಕೊಂಡು ತೊಳೆಯೋಣ ಅಂದ್ರೆ, ಒದ್ದಾಡಿ ಕಣ್ಣಿಗೆ ಪೆಟ್ಟಾಗತ್ತೆ ಅಂತಾರೆ ಸೆನ್ಸೇ. ಬಣ್ಣ ಹೋಗದೆ ಗುಳ್ಳೆ ಎಲ್ಲಿವರೆಗೆ ಇದೆ ಗೊತ್ತಾಗಲ್ಲ, ಕಣ್ಣಿಗೆ ಡ್ರಾಪ್ಸೂ ಹಾಕೋ ಹಾಗಿಲ್ಲ.” ಅವಳು ಮಗುವಿನ ಕಡೆ ಕೈ ತೋರಿಸಿದಳು. “ಅಜ್ಜಿ ಹೇಳಿದಾರೆ, ಅಜ್ಜಿ ಹೇಳಿದಾರೆ ಅಂತಾಳೆ.”

ಚಂದ್ರಪ್ರಭಾ ಬಾಗಿಲಲ್ಲೇ ನಿಂತರು. ಅವರ ಕಟ್ಟಳೆಯನ್ನು ಈ ಕೋಣೆಯಲ್ಲಿ ಕಾಯುತ್ತಿದ್ದವಳು ಈ ಮಗು ಒಬ್ಬಳೇ. ಬೆಂಕಿಯಂಥ ನೋವಿನಲ್ಲೂ ಅಜ್ಜಿಯ ಮಾತು ಮೀರದೆ ಕಾಯುತ್ತಿದ್ದಳು.

“ಇಂದು.”

“ಅಜ್ಜೀ, ನಾನು ತೊಳೀಲಿಲ್ಲ. ಪ್ರಾಮಿಸ್.”

“ಗೊತ್ತು. ಜಾಣೆ ನೀನು.” ಅವರು ಮಗುವಿನ ಪಕ್ಕ ನೆಲದ ಮೇಲೆ ಕೂತರು. “ಈಗ ನಾನೇ ತೊಳೀತೀನಿ.”

“ಹಾವಿಗೆ ಸಿಟ್ಟು ಬರತ್ತೆ.”

“ಹಾವು ಇಲ್ಲ, ಪುಟ್ಟ.”

“ನೀವೇ ಹೇಳಿದ್ರಿ.”

“ಹೇಳಿದೆ. ತಪ್ಪು ಹೇಳಿದೆ. ಈ ಜಾಗದ ಮೇಲೆ ನಾನು ಬರೀಬಾರದಿತ್ತು.”

ಆ ಮಾತನ್ನು ಅವರು ಹಿಂದೆ ಯಾರಿಗೂ ಹೇಳಿದವರಲ್ಲ. ಸೊಸೆ ನೋಡುತ್ತಿದ್ದಳು. ಚಂದ್ರಪ್ರಭಾ ವೈದ್ಯೆಯ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡರು. ಬರೆದ ಕೈಯೇ ಅಳಿಸಿದರೆ ಆ ಕೈಯ ಗುಣ ಮುಗಿಯಿತು, ಆಗಲಿ, ಮುಗಿಯಲಿ. ಕೂದಲ ಅಂಚಿನ ಗೆರೆಯನ್ನು ನೆನೆಸಿ ಬಿಡಿಸಿದರು. ಗರುಡನನ್ನು ಅಳಿಸಿದರು. ಗುಳ್ಳೆಗಳು ಒಡೆಯದಂತೆ ಬಟ್ಟೆಯನ್ನು ಉಜ್ಜದೆ ಒತ್ತಿ ಒತ್ತಿ ಎತ್ತಿದರು. ರೆಪ್ಪೆಯ ಬಳಿ ಬಂದಾಗ ಬಟ್ಟೆಯನ್ನು ಹೊಸದಾಗಿ ನೆನೆಸಿಕೊಂಡರು. ಒನುಕಿ ಸೆನ್ಸೇ ತಮ್ಮ ಕೈಗವಸಿನ ಕೈಯನ್ನು ಅವರ ಮಣಿಕಟ್ಟಿನ ಕೆಳಗೆ ಆಸರೆಯಾಗಿ ಹಿಡಿದರು. ಬಟ್ಟೆ ಮೇಲೆ ಬಟ್ಟೆ ಕೆಂಪಾಯಿತು. ಮೂಗಿನ ತುದಿಯ ಗುಳ್ಳೆ ಹೊಳೆಯುತ್ತ ಬಯಲಾಯಿತು.

ಕಣ್ಣಿನ ವೈದ್ಯರು ಬಂದರು. ಎಡಗಣ್ಣಿಗೆ ಹಳದಿ ಬಣ್ಣ ಸೋಕಿಸಿ, ದೀಪ ಆರಿಸಿ, ನೀಲಿ ಬೆಳಕು ಬಿಟ್ಟು ನೋಡಿದರು. ನೋಡುತ್ತಲೇ ಇದ್ದರು. ಹಂಸಾ ಅತ್ತೆಯ ಸೆರಗಿನ ತುದಿ ಹಿಡಿದುಕೊಂಡದ್ದು ಅವಳಿಗೇ ಗೊತ್ತಿರಲಿಲ್ಲ. ಕೊನೆಗೆ ವೈದ್ಯರು ತಗ್ಗಿದ ದನಿಯಲ್ಲಿ ಹೇಳಿದ್ದನ್ನು ಅವಳು ತುಂಡು ತುಂಡಾಗಿ ಕನ್ನಡಕ್ಕೆ ತಂದಳು.

“ಕರಿಗುಡ್ಡೆಯ ಮೇಲಿನ ಪೊರೆಗೆ ತಾಗಿದೆಯಂತೆ. ಅಂಚಿನಲ್ಲಿ, ಒಂದು ಸಣ್ಣ ಗೀರು. ಇವತ್ತೇ ಔಷಧಿ ಶುರು ಮಾಡ್ತಾರೆ, ಡ್ರಿಪ್ಪಲ್ಲಿ. ಕಣ್ಣಿಗೆ ಮುಲಾಮು. ವೈರಸ್ಸಿನ ಔಷಧಿ ಇದು, ಗುಳ್ಳೆ ಎದ್ದ ಮೂರು ದಿನದೊಳಗೆ ಶುರುವಾದ್ರೆ ಚೆನ್ನಾಗಿ ಕೆಲಸ ಮಾಡತ್ತಂತೆ. ನಾವು ಇನ್ನೂ ಅದರೊಳಗೇ ಇದೀವಿ.”

“ಕಣ್ಣು?”

ಅತ್ತೆಯ ಪ್ರಶ್ನೆಯನ್ನು ಹಂಸಾ ವೈದ್ಯರಿಗೆ ಕೇಳಿದಳು. ವೈದ್ಯರು ತಲೆ ಬಾಗಿಸಿ ಏನೋ ಹೇಳಿದರು.

“ಈಗಲೇ ಹೇಳಕ್ಕಾಗಲ್ಲ ಅಂದ್ರು.”

ಮಗು ಹಸುಗೂಸಾಗಿದ್ದಾಗ ಅಮ್ಮ, ಅಂದರೆ ಸೀತಾಳೆ ಸಿಡುಬು, ಆಗಿತ್ತೇ ಎಂದು ಒನುಕಿ ಸೆನ್ಸೇ ಕೇಳಿದ್ದರು. ಆಗಿತ್ತು, ತಿಪಟೂರಿನಲ್ಲಿ, ವರ್ಷ ತುಂಬುವ ಮುಂಚೆ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು. ಆ ರೋಗದ ವೈರಸ್ಸು ಮೈ ಬಿಟ್ಟು ಹೋಗದೆ ನರದ ಬುಡದಲ್ಲಿ ಮಲಗಿರುತ್ತದೆ. ಅಷ್ಟು ಎಳೆಯ ವಯಸ್ಸಿನಲ್ಲಿ ತಗುಲಿದವರಲ್ಲಿ ಕೆಲವೊಮ್ಮೆ ಬಾಲ್ಯದಲ್ಲೇ ಎದ್ದು, ಅದೇ ನರದ ಹಾದಿ ಹಿಡಿದು ಚರ್ಮಕ್ಕೆ ಬರುತ್ತದೆ. ಹಣೆಯ ನಡುಗೆರೆ ದಾಟದಿರುವುದು ಅದಕ್ಕೇ. ಚಂದ್ರಪ್ರಭಾ ಎಲ್ಲವನ್ನೂ ಕೇಳಿದರು. ಇಷ್ಟು ಕಾಲ ಅವರು ಗೆರೆ ಎಳೆದು ತಡೆಯುತ್ತಿದ್ದ ಹಾವಿಗೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ.

ಮಗುವನ್ನು ಸೇರಿಸಿಕೊಂಡರು. ಜೊತೆಗೆ ಉಳಿದವರು ಬಿಡುಗಡೆಯವರೆಗೆ ಹೊರಬರುವಂತಿಲ್ಲ, ಬದಲಾಯಿಸುವಂತಿಲ್ಲ. ಹಂಸಾ ಉಳಿದಳು. ಹಂಸಾಳಿಂದ ಫೋನಿನಲ್ಲಿ ಎಲ್ಲ ತಿಳಿದು ಸಂಜೆ ಪ್ರಶಾಂತ ಮನೆಗೆ ಬಂದಾಗ ತಾಯಿ ದೀಪ ಹಾಕದೆ ಕುಳಿತಿದ್ದರು.

“ನಾನೇ ಅಲ್ವಾ ಅಮ್ಮ, ಬರಿ ಅಂದದ್ದು,” ಎಂದ, ಬೂಟು ಬಿಚ್ಚದೆ.

“ನೀನು ಅಂದೆ. ಬರೆದದ್ದು ನಾನು. ಕೈ ತೊಳೆದು ಊಟ ಮಾಡು, ನಾಳೆ ಅವರಿಗೆ ಬಟ್ಟೆ ತಗೊಂಡು ಹೋಗಬೇಕು.”

ಮುಂದಿನ ದಿನಗಳು ಫೋನಿನ ತೆರೆಯ ಮೇಲೆ ಕಳೆದವು. ಹೊಸ ಗುಳ್ಳೆ ಏಳುವುದು ನಿಂತಿತು, ಎದ್ದವು ಬಾಡಿ ಹಕ್ಕಳೆಯಾದವು. ಕೆರೆಯದಂತೆ ಉಗುರು ಕತ್ತರಿಸಿದ್ದರು. ನೋವಿಗೆ ಮಕ್ಕಳಿಗೆ ಸಲ್ಲುವ ಮಾತ್ರೆ ಮಾತ್ರ. ಮನೆಯಲ್ಲಿದ್ದ ಆಸ್ಪಿರಿನ್ ಕೊಡಲೇಬಾರದೆಂದು ಎಚ್ಚರಿಸಿದ್ದರು. ಹಕ್ಕಳೆ ಪೂರ್ತಿ ಒಣಗುವವರೆಗೆ ಎಳೆಗೂಸುಗಳಿಂದಲೂ ಸೀತಾಳೆ ಎಂದೂ ಆಗಿರದ ಬಸುರಿಯರಿಂದಲೂ ದೂರವಿರಬೇಕಿತ್ತು. ಎಲ್ಲವೂ ಸರಿಯಾಗಿ ನಡೆಯಿತು. ಆದರೆ ಎಡಗಣ್ಣಿಗೆ ಪಟ್ಟಿ ಇತ್ತು, ಅದರ ಬಗ್ಗೆ ಯಾರೂ ಮಾತನಾಡುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಒಂದು ದಿನ ಕಣ್ಣಿನ ಕೊನೆಯ ಪರೀಕ್ಷೆಗೆ ಕರೆ ಬಂತು. ಈ ಸಲವೂ ಒಬ್ಬರಿಗೇ ಪ್ರವೇಶ.

“ಅಜ್ಜಿ ಬರಲಿ,” ಎಂದಳು ಇಂದು.

ಚಂದ್ರಪ್ರಭಾ ಸೊಸೆಯ ಕಡೆ ತಿರುಗಿದರು. “ನೀನು ಹೋಗು. ನಂಗೆ ಭಾಷೆ ಬರಲ್ಲ.”

“ಅವಳೇ ಟ್ರಾನ್ಸ್‌ಲೇಟ್ ಮಾಡ್ತಾಳೆ, ಹೋಗಿ ಅತ್ತೆ,” ಎಂದಳು ಹಂಸಾ. “ನಂಗೆ ಆ ರೂಮಲ್ಲಿ ನಿಲ್ಲಕ್ಕೆ ಧೈರ್ಯ ಇಲ್ಲ.”

ಕಣ್ಣಿನ ಕೋಣೆಯ ಗೋಡೆಯ ಮೇಲೆ ಬೆಳಗುವ ಬಿಳಿ ಹಲಗೆ. ಅದರಲ್ಲಿ ಅಕ್ಷರಗಳಿರಲಿಲ್ಲ. ಸಾಲು ಸಾಲಾಗಿ ಕಪ್ಪು ಬಳೆಗಳು, ಮೇಲಿನಿಂದ ಕೆಳಕ್ಕೆ ಚಿಕ್ಕದಾಗುತ್ತ ಹೋಗುವ ಬಳೆಗಳು. ಪ್ರತಿಯೊಂದೂ ಒಂದು ಕಡೆ ಮುರಿದಿತ್ತು. ಬಳೆ ಯಾವ ಕಡೆ ತೆರೆದಿದೆ ಎಂದು ಹೇಳಬೇಕು, ಅಷ್ಟೇ. ಮಂಜಾದ ಕಣ್ಣಿಗೆ ಅದು ಪೂರ್ತಿ ಮುಚ್ಚಿದ ಸುತ್ತಿನಂತೆ ಕಾಣುತ್ತದೆ.

ನರ್ಸ್ ಇಂದುವಿನ ಬಲಗಣ್ಣಿಗೆ ಕಪ್ಪು ಚಮಚದಂಥದ್ದನ್ನು ಮರೆ ಹಿಡಿದಳು. ಎಡಗಣ್ಣು ಒಂಟಿಯಾಗಿ ಹಲಗೆಯನ್ನು ಎದುರಿಸಿತು. ಹಣೆಯ ಮೇಲೆ ತಿಳಿಗುಲಾಬಿ ಕಲೆಗಳು. ಮೊದಲ ಬಳೆಯತ್ತ ಕೋಲು ಹೋಯಿತು.

ಇಂದು ಕಣ್ಣು ಕಿರಿದಾಗಿಸಿ ನೋಡಿದಳು. ಕಣ್ಣು ಮಿಟುಕಿಸಿದಳು.

ಚಂದ್ರಪ್ರಭಾ ತಮ್ಮ ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದರು. ಆ ಕೈ ಈಗ ಬರೀ ಕೈ. ಅದರಲ್ಲಿ ಯಾವ ಗುಣವೂ ಇರಲಿಲ್ಲ, ಎಳೆಯಬಹುದಾದ ಯಾವ ಗೆರೆಯೂ ಉಳಿದಿರಲಿಲ್ಲ.

“ಉಎ,” ಎಂದಳು ಇಂದು. ಅಜ್ಜಿಗೆ ತಿಳಿಯಲಿ ಎಂದು ಬೆರಳೆತ್ತಿ ತೋರಿಸಿ, “ಮೇಲೆ” ಎಂದು ಸೇರಿಸಿದಳು.

ಕೋಲು ಇಳಿಯಿತು. “ಬಲಗಡೆ.” ಮತ್ತೆ ಇಳಿಯಿತು. “ಕೆಳಗೆ.” ಬಳೆಗಳು ಸಾಸಿವೆಯಷ್ಟಾದವು, ಕನ್ನಡಕವಿದ್ದರೂ ಚಂದ್ರಪ್ರಭಾ ಅವರಿಗೆ ಅವು ಬರಿಯ ಚುಕ್ಕೆಗಳು. ಕೊನೆಯ ಸಾಲಿನಲ್ಲಿ ಮಗು ಮುಂದೆ ಬಾಗಿತು, ಹುಬ್ಬು ಗಂಟಿಕ್ಕಿತು.

“ಎಡಗಡೆ,” ಎಂದಿತು. “ಅಜ್ಜಿ, ಇದೂ ಓಪನ್ ಇದೆ.”

ನರ್ಸ್ ಕೋಲನ್ನು ಕೆಳಗಿಟ್ಟು ವೈದ್ಯರ ಕಡೆ ನೋಡಿ ಎಲ್ಲವೂ ಸರಿ ಎಂಬಂತೆ ತಲೆಯಾಡಿಸಿದಳು. ಚಂದ್ರಪ್ರಭಾ ಕುರ್ಚಿಯಿಂದ ಎದ್ದು, ಈ ದೇಶಕ್ಕೆ ಬಂದಂದಿನಿಂದ ಯಾರಿಗೂ ಮಾಡದಿದ್ದುದನ್ನು ಮಾಡಿದರು: ಎರಡೂ ಕೈಗಳನ್ನು ಮಂಡಿಗೆ ಊರಿ, ಅಲ್ಲಿಯವರಂತೆಯೇ, ಸೊಂಟದಿಂದ ಬಾಗಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ.